ಮನೀಶನ ಪುಟದಿಂದ ತೆಗೆದ ಸಾಲು

ಲೋಲಾಕ್ಷಿ ಆಂಟಿ ನನ್ನ ಮನೆಯ ಹೊಸ್ತಿಲು ತುಳಿದದ್ದು ಹನ್ನೊಂದು ವರ್ಷಗಳ ಮೇಲೆ. ಖಾರಘರದ ಈ ಹದಿನಾಲ್ಕನೇ ಮಾಳಿಗೆಗೆ ಲಿಫ್ಟಿನಲ್ಲಿ ಬಂದು, ಚಪ್ಪಲಿ ಬಿಡುವ ಮೊದಲೇ, "ಅಯ್ಯೋ ಮಾರಾಯ್ತಿ, ಎಷ್ಟು ಎತ್ತರದಲ್ಲಿ ಕೂತಿದ್ದೀ ನೀನು, ತಲೆ ತಿರುಗ್ತದೆ" ಎಂದರು. ಕೈಯಲ್ಲೊಂದು ಸ್ಟೀಲ್ ಡಬ್ಬಿ, ಅದರಲ್ಲಿ ಡೊಂಬಿವಲಿಯ ತಮ್ಮ ಹೋಟೆಲಿನ ಗೋಳಿಬಜೆ. ಬೆನ್ನ ಹಿಂದೆ ಮಗಳು ತನ್ವಿ. ಡಬ್ಬಿಯನ್ನು ಕಿಟಕಿಯಿಂದ ಕೆಳಗೆ ಬಿಸಾಡಬೇಕು ಎನಿಸಿತು. ಬಿಸಾಡಲಿಲ್ಲ, ಕಾಫಿಗೆ ನೀರಿಟ್ಟೆ.

ಅಷ್ಟು ಸಿಟ್ಟು ಯಾಕೆಂದು ಮೊದಲೇ ಹೇಳಿಬಿಡುತ್ತೇನೆ. ಡೊಂಬಿವಲಿ ಪೂರ್ವದಲ್ಲಿ ನಮ್ಮದೂ ಅವರದೂ ಎದುರುಬದುರು ಬಾಗಿಲು. ನಮ್ಮಪ್ಪ ಬ್ಯಾಂಕಿನ ವರ್ಗಾವಣೆಯಲ್ಲಿ ಮೈಸೂರಿನಿಂದ ಬಂದು ಅಲ್ಲೇ ಇಪ್ಪತ್ತು ವರ್ಷ ಉಳಿದವರು. ಆಂಟಿಯ ಮನೆಯವರು ಉಡುಪಿ ಕಡೆಯವರು, ಅವರ ಗಂಡ ದಯಾನಂದ ಅಂಕಲ್ ಸ್ಟೇಷನ್ ಹತ್ತಿರ ಹೋಟೆಲ್ ನಡೆಸುತ್ತಿದ್ದರು. ನನ್ನ ಇಪ್ಪತ್ತೇಳನೇ ವಯಸ್ಸಿನಲ್ಲಿ ಥಾಣೆಯ ಸುಮುಖ ಎಂಬ ಹುಡುಗನ ಜೊತೆ ಮದುವೆ ಮಾತಾಯಿತು. ಹುಡುಗ ನನಗೆ ಬಹಳ ಹಿಡಿಸಿದ್ದ, ಸುಳ್ಳೇಕೆ ಹೇಳಲಿ, ಅವನಿಗಾಗಿ ಪಿನ್ನು ಚುಚ್ಚದೆ ಸೀರೆ ಉಡುವುದನ್ನು ಕಲಿತಿದ್ದೆ. ನಮ್ಮ ಜನರಲ್ಲಿ ಮಾತು ಪಕ್ಕಾ ಮಾಡುವ ಮೊದಲು ಹುಡುಗಿಯ ಎದುರು ಮನೆಯವರನ್ನು ಗುಟ್ಟಾಗಿ ವಿಚಾರಿಸುವ ಪದ್ಧತಿ ಇದೆಯಲ್ಲ, ಹಾಗೆ ಸುಮುಖನ ತಾಯಿ ಲೋಲಾಕ್ಷಿ ಆಂಟಿಗೆ ಫೋನ್ ಮಾಡಿದರು.

ಆಂಟಿ ನನ್ನ ಬಗ್ಗೆ ಒಂದೇ ಒಂದು ಸುಳ್ಳು ಹೇಳಲಿಲ್ಲ. "ಹುಡುಗಿ ಚುರುಕು. ಒಂದು ವರ್ಷ ಚೀನಾದಲ್ಲಿ ಒಬ್ಬಳೇ ಇದ್ದು ಬಂದವಳು. ಅಲ್ಲಿ ಹೇಗಿದ್ದಳೋ, ನಮಗೆಂತ ಗೊತ್ತುಂಟು?" ಎಂದರು. ಅಷ್ಟೇ.

ಸುಮುಖ ಸಂಬಂಧ ಬೇಡವೆನ್ನುವಾಗ ಆ ಮಾತನ್ನು ಫೋನಿನಲ್ಲಿ ನನಗೆ ಅಕ್ಷರ ಬಿಡದೆ ಒಪ್ಪಿಸಿದ. ನಾನು ಚೀನಾಕ್ಕೆ ಹೋಗಿದ್ದು ಸ್ಕಾಲರ್‌ಶಿಪ್ಪಿನ ಮೇಲೆ, ಭಾಷೆ ಕಲಿಯಲು. ಒಂದು ವರ್ಷ ಆರು ಜನ ಹುಡುಗಿಯರ ಕೋಣೆಯಲ್ಲಿ ನೂಡಲ್ಸ್ ತಿಂದುಕೊಂಡು, ರಾತ್ರಿ ಹತ್ತಕ್ಕೆ ಗೇಟು ಹಾಕುವ ಹಾಸ್ಟೆಲಿನಲ್ಲಿ ಇದ್ದವಳು. ಯಾರಿಗೆ ಹೇಳುವುದು? ಮುಂದೆ ಬಂದ ಮೂರು ಸಂಬಂಧಗಳೂ ಅದೇ ಮಾತಿಗೆ ಮುಗ್ಗರಿಸಿ ಬಿದ್ದವು. ಅಪ್ಪ ಅಮ್ಮ ಮೈಸೂರಿಗೆ ಹಿಂದಿರುಗಿದರು. ನಾನು ಖಾರಘರಕ್ಕೆ ಬಂದೆ. ಈಗ ಮೂವತ್ತೆಂಟು.

ಆ ಚೀನೀ ಭಾಷೆಯೇ ನನಗೆ ಅನ್ನ ಹಾಕುತ್ತಿದೆ. ಕಳಂಬೋಲಿಯ ಉಕ್ಕಿನ ವ್ಯಾಪಾರಿಗಳಿಗೆ ಪತ್ರ, ಕರಾರು, ಜಗಳ ಎಲ್ಲವನ್ನೂ ಚೀನೀ ಭಾಷೆಯಲ್ಲಿ ಮಾಡಿಕೊಡುವವಳು ನಾನು. ಅದರ ಜೊತೆಗೆ ವಾನ್‌ಶೂ ಕೆಲಸವೂ ಇದೆ. ವಾನ್‌ಶೂ ಎಂದರೆ ಚೀನೀಯರ ಆನ್‌ಲೈನ್ ವಿಶ್ವಕೋಶ. ನಡೆಸುವುದು ಒಂದು ಕಂಪನಿ, ಲಾಭಕ್ಕಾಗಿ. ಬರೆಯುವುದು ಮಾತ್ರ ಓದುವ ಜನರೇ, ಪುಕ್ಕಟೆಯಾಗಿ. ಬುದ್ಧನ ಪುಟದ ಪಕ್ಕದಲ್ಲೂ ಕೂದಲು ನಾಟಿಯ ಜಾಹೀರಾತು ಕುಣಿಯುತ್ತಿರುತ್ತದೆ. ಅಲ್ಲಿಯ ಕಾರ್ಖಾನೆಯವರು ಹೊಸ ಗಿರಾಕಿಯ ಜೊತೆ ಮಾತಿಗೆ ಕೂರುವ ಮೊದಲು ಅದರಲ್ಲಿ ಅವನ ಹೆಸರು ಹುಡುಕುತ್ತಾರೆ. ಪುಟ ಇದ್ದರೆ ಮರ್ಯಾದಸ್ಥ, ಇಲ್ಲದಿದ್ದರೆ ಯಾವನೋ ಒಬ್ಬ. ಹಾಗಾಗಿ ನಮ್ಮ ವ್ಯಾಪಾರಿಗಳ ಪುಟಗಳನ್ನು ನಾನು ಬರೆಯುತ್ತೇನೆ, ತಿದ್ದುತ್ತೇನೆ, ತೊಳೆದು ಒರೆಸಿಡುತ್ತೇನೆ.

ಅದಕ್ಕೂ ಕಾಯ್ದೆ ಕಟ್ಟಳೆ ಇದೆ. ಒಂದು ಸಾಲು ತೆಗೆದರೂ ಕಾರಣ ಬರೆಯಬೇಕು. ಹೊಸದು ಸೇರಿಸುವುದಾದರೆ ಪತ್ರಿಕೆಯದೋ ಸರ್ಕಾರಿ ಕಚೇರಿಯದೋ ಪುರಾವೆ ಲಗತ್ತಿಸಬೇಕು. ಮೊದಲು ಯಂತ್ರ, ಆಮೇಲೆ ಪರಿಶೀಲಕರು ನೋಡಿ ಪಾಸು ಮಾಡುತ್ತಾರೆ. ಪುಟದ ಹಳೆಯ ರೂಪಗಳು ಅಳಿದುಹೋಗುವುದಿಲ್ಲ, 'ಇತಿಹಾಸ' ಎಂಬ ಗುಂಡಿಯ ಹಿಂದೆ ಕೂತಿರುತ್ತವೆ. ಅದನ್ನು ತೆರೆಯಬೇಕಾದರೆ ಖಾತೆ ಬೇಕು, ಖಾತೆಗೆ ಚೀನಾದ ಫೋನ್ ನಂಬರ್ ಬೇಕು. ನನ್ನ ಖಾತೆ ಹಳೆಯ ಸಹಪಾಠಿಯೊಬ್ಬಳ ನಂಬರಿನ ಮೇಲೆ ನಡೆಯುತ್ತದೆ. ಹನ್ನೆರಡು ವರ್ಷದಿಂದ ಬರೆದು ಬರೆದು ಮೇಲಿನ ದರ್ಜೆಗೆ ಏರಿದ್ದೇನೆ. ನನ್ನ ಹೆಸರಿನ ಪಕ್ಕದಲ್ಲಿ ಒಂದು ಚಿನ್ನದ ಲೇಖನಿಯ ಗುರುತಿದೆ. ಅದರ ಮೇಲೆ ನನಗೆ ಹೆಮ್ಮೆ ಇತ್ತು, ನಗಬೇಡಿ.

ಲೋಲಾಕ್ಷಿ ಆಂಟಿ ಬರುವುದಕ್ಕೆ ಮೂರು ವಾರ ಮೊದಲು ಮನೀಶ್ ಎನ್ನುವವನು ಫೋನ್ ಮಾಡಿದ್ದ. ಕಲ್ಯಾಣದಲ್ಲಿ ಬೆಳೆದ ಕರಾವಳಿಯವರ ಹುಡುಗ. ಹತ್ತು ವರ್ಷದಿಂದ ಚೀನಾದ ಯಿವೂ ಊರಿನಲ್ಲಿದ್ದುಕೊಂಡು ಬಳೆ, ಕ್ಲಿಪ್ಪು, ದೀಪದ ಸರ ಇಂಥ ಸಣ್ಣ ಸಾಮಾನುಗಳನ್ನು ಇಲ್ಲಿಗೆ ಕಳಿಸುವ ವ್ಯಾಪಾರ. ಅಲ್ಲಿಯ ಮಾರುಕಟ್ಟೆಯವರು ತಮ್ಮ ವಿದೇಶಿ ವ್ಯಾಪಾರಿಗಳ ಬಗ್ಗೆ ವಾನ್‌ಶೂವಿನಲ್ಲಿ ಪುಟ ಮಾಡಿಸಿದ್ದರು, ಅದರಲ್ಲಿ ಇವನದೂ ಒಂದು.

"ಮೇಡಂ, ನನ್ನ ಪುಟದಲ್ಲಿ ಒಂದು ಸಾಲುಂಟು. ಅದನ್ನು ತೆಗೀಬೇಕಿತ್ತು" ಎಂದ.

ತೆರೆದು ನೋಡಿದೆ. 'ಎರಡು ಸಾವಿರದ ಹದಿನೇಳರಲ್ಲಿ ಯಿವೂವಿನ ಚೆನ್ ಮನೆತನದ ಯುವತಿಯನ್ನು ವಿವಾಹವಾಗಿ, ಒಬ್ಬ ಮಗಳ ತಂದೆಯಾಗಿದ್ದಾರೆ' ಎಂದಿತ್ತು. ಪುರಾವೆಗೆ ಸ್ಥಳೀಯ ಪತ್ರಿಕೆಯ ಲೇಖನ, 'ನಮ್ಮೂರಿನ ಭಾರತೀಯ ಅಳಿಯ' ಎಂಬ ತಲೆಬರಹ. ಹಿಂದಿನ ವರ್ಷದ ಹೊಸ ವರ್ಷದ ಊಟದ ಫೋಟೋ: ಮನೀಶ್, ಕನ್ನಡಕದ ಹೆಂಡತಿ, ಹಲ್ಲುಬಿಟ್ಟು ನಗುವ ಹುಡುಗಿ.

"ಡಿವೋರ್ಸ್ ಆಗಿದೆಯಾ?" ಎಂದು ಕೇಳಿದೆ.

"ಆಗ್ತಾ ಉಂಟು ಮೇಡಂ" ಎಂದ. ಆಗುತ್ತಿಲ್ಲವೆಂದು ಅವನ ದನಿಯಲ್ಲೇ ಗೊತ್ತಾಯಿತು. ಗಿರಾಕಿಯ ಸಂಸಾರ ಕಟ್ಟಿಕೊಂಡು ನನಗೇನು? ಸಾಲು ತೆಗೆದೆ. ಕಾರಣದ ಜಾಗದಲ್ಲಿ 'ಮಾಹಿತಿ ತಪ್ಪಾಗಿದೆ' ಎಂದು ಬರೆದೆ. ಅರ್ಧ ದಿನದಲ್ಲಿ ಪಾಸಾಯಿತು. ಅಲ್ಲಿಗೆ ಮರೆತುಬಿಟ್ಟೆ.

ಈಗ ಲೋಲಾಕ್ಷಿ ಆಂಟಿ ಸೋಫಾದಲ್ಲಿ ಕೂತು, ತಮ್ಮ ಫೋನನ್ನು ನನ್ನ ಮುಂದೆ ಹಿಡಿದರು. ಅದೇ ಪುಟ, ಅದೇ ಮನೀಶ್.

"ತನ್ವಿಗೆ ಸಂಬಂಧ ಬಂದದ್ದು. ಹುಡುಗ ಇರುವುದು ಚೀನಾದಲ್ಲಿ. ಇಲ್ಲಿಯವನಾದ್ರೆ ಎದುರು ಮನೆಯವರನ್ನು ಕೇಳಬಹುದಿತ್ತು, ಅಲ್ಲಿ ನಮ್ಮವರು ಯಾರುಂಟು ಹೇಳು? ಅವನ ಬಗ್ಗೆ ಈ ದೊಡ್ಡ ಪುಸ್ತಕದಲ್ಲಿ ಬಂದದ್ದುಂಟಂತೆ. ನೀನೊಮ್ಮೆ ಓದಿ ಹೇಳು. ನಿನಗಿಂತ ನಂಬಿಕೆಯವರು ನಮಗೆ ಯಾರಿದ್ದಾರೆ?"

ನಂಬಿಕೆ ಎಂಬ ಮಾತು ಆ ಬಾಯಿಂದ!

ತನ್ವಿ ನನ್ನ ಪಕ್ಕಕ್ಕೆ ಬಂದು ಕೂತಳು. ಈಗ ಮೂವತ್ತಾಗಿದೆ ಅವಳಿಗೆ. ಒಂಬತ್ತನೇ ಕ್ಲಾಸಿನಲ್ಲಿ ಗಣಿತ ಬಾರದೆ ಅಳುತ್ತ ನಮ್ಮ ಮನೆಗೆ ಬರುತ್ತಿದ್ದವಳು. ಎರಡು ವರ್ಷ ನನ್ನ ಹಾಸಿಗೆಯ ಮೇಲೆ ಕಾಲು ಮಡಚಿ ಕೂತು ಲೆಕ್ಕ ಮಾಡಿದ್ದಾಳೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ದೀದಿ, ಫೋನ್ ಮೇ ಟ್ರಾನ್ಸ್‌ಲೇಟ್ ಕಿಯಾ ಥಾ. ಕುಛ್ ಭೀ ಆತಾ ಹೈ. ಸಣ್ಣ ಸಾಮಾನಿನ ರಾಜಕುಮಾರ ಬೋಲ್ತಾ ಹೈ ಇಸ್ಕೋ" ಎಂದು ನಕ್ಕಳು. ನನಗೂ ನಗು ಬಂತು. ಈ ಹುಡುಗಿಯ ಮೇಲೆ ನನಗೆ ಎಂದೂ ಸಿಟ್ಟಿರಲಿಲ್ಲ. ಅದನ್ನೂ ಹೇಳಿಬಿಡಬೇಕು.

ಓದಲು ಶುರು ಮಾಡಿದೆ. ಹುಟ್ಟಿದ ಊರು ಕಲ್ಯಾಣ, ಓದಿದ್ದು ಬಿ.ಕಾಂ., ಯಿವೂಗೆ ಬಂದ ವರ್ಷ, ಮಾರುಕಟ್ಟೆಯ ಎರಡನೇ ಮಾಳಿಗೆಯಲ್ಲಿ ಮಳಿಗೆ, ಪ್ರಾಮಾಣಿಕ ವಿದೇಶಿ ವ್ಯಾಪಾರಿ ಎಂಬ ಪ್ರಶಸ್ತಿ. ಮಳಿಗೆಗೂ ಪ್ರಶಸ್ತಿಗೂ ನಡುವೆ ಆ ಸಾಲು ಇದ್ದ ಜಾಗದಲ್ಲಿ ನನ್ನ ನಾಲಿಗೆ ಒಂದು ಕ್ಷಣ ನಿಂತಿತು. ಲೋಲಾಕ್ಷಿ ಆಂಟಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮುಂದೆ ಓದಿದೆ. ಒಂದಕ್ಷರ ಸುಳ್ಳು ಸೇರಿಸಲಿಲ್ಲ. ಇದನ್ನು ಅವರಿಂದಲೇ ಕಲಿತಿದ್ದೆನಲ್ಲ!

"ಮದುವೆ ಗಿದುವೆ ಅಂತ ಏನಾದರೂ?" ಆಂಟಿ ಕೇಳಿದರು.

"ಪುಟದಲ್ಲಿ ಏನೂ ಇಲ್ಲ ಆಂಟಿ."

"ಮೊದಲು ಬರೆದು ಆಮೇಲೆ ಅಳಿಸಿದ್ದು ಇದ್ರೆ? ಅದು ಈಗ ಯಾರಿಗಾದ್ರೂ ಕಾಣ್ತದಾ?"

ಮುದುಕಿ ಚಾಲಾಕಿ, ಸರಿಯಾದ ಜಾಗಕ್ಕೇ ಕೈ ಹಾಕಿದಳು ಎಂದುಕೊಂಡೆ. "ಅಳಿಸಿದ ಮೇಲೆ ಮುಗೀತು ಆಂಟಿ. ಯಾರಿಗೂ ಕಾಣಲ್ಲ" ಎಂದೆ. ಅದೊಂದು ಮಾತ್ರ ಶುದ್ಧ ಸುಳ್ಳು.

"ಅಷ್ಟು ಸಾಕು ಮಾರಾಯ್ತಿ" ಎಂದು ಅವರು ಕಾಫಿ ಮುಗಿಸಿದರು. ತನ್ವಿಯ ಭುಜ ಹಗುರಾಗಿ ಕೆಳಗಿಳಿದದ್ದು ಪಕ್ಕದಲ್ಲಿ ಕೂತ ನನಗೆ ಗೊತ್ತಾಯಿತು.

ಅವರು ಹೋದ ಮೇಲೆ ಲ್ಯಾಪ್‌ಟಾಪ್ ತೆರೆದು, ಪುಟದ ಹಳೆಯ ರೂಪವನ್ನೂ ಪತ್ರಿಕೆಯ ಫೋಟೋವನ್ನೂ ನನ್ನ ಫೋನಿಗೆ ಇಳಿಸಿಕೊಂಡೆ. ಏನು ಮಾಡಬೇಕೆಂಬುದು ಒಂದು ಗೋಳಿಬಜೆ ತಿಂದು ಮುಗಿಸುವಷ್ಟರಲ್ಲಿ ನಿಶ್ಚಯವಾಗಿತ್ತು. ಈಗ ಹೇಳಿದರೆ ಏನಾಗುತ್ತದೆ? ಲೋಲಾಕ್ಷಿ ಆಂಟಿ ಎರಡು ದಿನ ಹಣೆ ಚಚ್ಚಿಕೊಂಡು, ಬೇರೆ ಹುಡುಗನನ್ನು ನೋಡುತ್ತಾರೆ. ಬಚಾವಾಗುತ್ತಾರೆ. ಅವರು ಬಚಾವಾಗುವುದು ನನಗೆ ಬೇಡವಾಗಿತ್ತು. ಮದುವೆಗೆ ಹೋಗುತ್ತೇನೆ, ಧಾರೆ ಆಗಲಿ, ಕರಿಮಣಿ ಕಟ್ಟಲಿ. ಅದಾದ ಮೇಲೆ ಆಂಟಿಯನ್ನು ಪಕ್ಕಕ್ಕೆ ಕರೆದು ಫೋನು ತೋರಿಸುತ್ತೇನೆ. ಆ ಮುಖ ಹೇಗೆ ಕರಗುತ್ತದೆ ಎಂಬುದನ್ನು ನಿಂತು ನೋಡುತ್ತೇನೆ. ಹನ್ನೊಂದು ವರ್ಷದ ಸಂಕಟಕ್ಕೆ ಐದು ನಿಮಿಷದ ಸಂತೋಷ, ಅದೇನು ದೊಡ್ಡ ಆಸೆಯೇ?

ತನ್ವಿಯ ಗತಿ ಏನು ಎಂದು ನೀವು ಕೇಳುತ್ತೀರಿ. ನಾನೂ ಕೇಳಿಕೊಂಡೆ. ಆಮೇಲೆ ಡಿವೋರ್ಸ್ ಕೊಡಿಸಿದರಾಯಿತು, ಓದಿದ ಹುಡುಗಿ, ಐರೋಲಿಯಲ್ಲಿ ಕೆಲಸ ಇದೆ, ಸುಧಾರಿಸಿಕೊಳ್ಳುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೇರೆಯವರ ಬದುಕಿಗೆ ಸಮಾಧಾನ ಹೇಳುವುದು ಎಷ್ಟು ಸುಲಭ ನೋಡಿ.

ಮದುವೆಗೆ ಒಂಬತ್ತು ದಿನ ಇರುವಾಗ, ಒಂದು ಶನಿವಾರ ಬೆಳಿಗ್ಗೆ, ತನ್ವಿ ಒಬ್ಬಳೇ ಬಂದಳು. ಬ್ಲೌಸ್ ತರಲು ಹೋಗುತ್ತೇನೆಂದು ಅಮ್ಮನಿಗೆ ಹೇಳಿ ಬಂದಿದ್ದಳಂತೆ. ಹಾರ್ಬರ್ ಲೈನಿನ ಲೋಕಲ್ ರೈಲು ತಡವಾಗಿ, ಬೆವರಿನಲ್ಲಿ ಮಿಂದಿದ್ದಳು. ನೀರು ಕೊಟ್ಟರೆ ಲೋಟ ಕೈಯಲ್ಲೇ ಹಿಡಿದುಕೊಂಡು ಕೂತಳು.

"ದೀದಿ, ಏಕ್ ಬಾತ್ ಪೂಛೂ? ಗುಸ್ಸಾ ಮತ್ ಹೋನಾ."

"ಕೇಳು."

"ಕಲ್ ವಿಡಿಯೋ ಕಾಲ್ ಮೇ ಥಾ ವೋ. ಪೀಛೇ ದರ್ವಾಜೇ ಕೇ ಪಾಸ್ ಚಪ್ಪಲ್ ಥೀ. ಇತ್‌ನೀ ಸೀ. ಪಿಂಕ್." ಅಂಗೈಯಲ್ಲಿ ಮಗುವಿನ ಚಪ್ಪಲಿಯ ಅಳತೆ ತೋರಿಸಿದಳು. "ಮೈನೇ ಪೂಛಾ ತೋ ಕ್ಯಾಮೆರಾ ಘುಮಾ ದಿಯಾ. ಔರ್ ಶಾಮ್ ಕೋ ಛೇ ಸೇ ನೌ ಕಭೀ ಫೋನ್ ನಹೀ ಉಠಾತಾ. ದೀದಿ, ಆಪ್ ಸಚ್ ಬೋಲೋ. ಉಸ್ ಪೇಜ್ ಪೇ ಔರ್ ಕುಛ್ ಥಾ ಕ್ಯಾ? ಆಪ್ ಬೋಲೋಗೇ ತೋ ಮೈ ಆಜ್ ಹೀ ಮನಾ ಕರ್ ದೂಂಗೀ. ಅಮ್ಮ ಕೋ ಮೈ ದೇಖ್ ಲೂಂಗೀ."

ನಾನು ಹ್ಞೂಂ ಅಂದರೆ ಇವತ್ತೇ ಮದುವೆ ಬೇಡ ಎನ್ನಲು ಸಿದ್ಧಳಾಗಿ ಬಂದಿದ್ದಳು. ನಾನು ಬಾಯಿ ತೆರೆದೆ. ಹೇಳುವ ಮನಸ್ಸು ಬಂತು, ನಿಜವಾಗಿ ಬಂತು. ಫೋನು ಟೇಬಲ್ಲಿನ ಮೇಲೆ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಹೇಳಿದರೆ ಈ ಹುಡುಗಿ ಉಳಿಯುತ್ತಾಳೆ. ಜೊತೆಗೆ ಇವಳನ್ನು ಹೆತ್ತ ಆ ಹೆಂಗಸೂ ಉಳಿಯುತ್ತಾಳೆ. ನಾಳೆ ನಮ್ಮ ಕನ್ನಡ ಸಂಘದಲ್ಲಿ, "ನಮ್ಮ ತನ್ವಿಯದು ಸ್ವಲ್ಪದರಲ್ಲಿ ತಪ್ಪಿತು ನೋಡಿ, ದೇವರು ದೊಡ್ಡವನು" ಎಂದು ಹೇಳಿಕೊಂಡು ತಿರುಗುತ್ತಾಳೆ. ನನಗೆ ಯಾವ ದೇವರೂ ದೊಡ್ಡವನಾಗಿ ಬಂದಿರಲಿಲ್ಲ.

"ಬಾಡಿಗೆ ಮನೆ ಅಲ್ವೇನೇ ಅದು" ಎಂದೆ. "ಅಲ್ಲೆಲ್ಲ ಮನೆ ಮಾಲೀಕರು ಕೆಳಗೇ ಇರ್ತಾರೆ. ಅವರ ಮಕ್ಕಳು ಬಂದು ಹೋಗ್ತಿರ್ತವೆ. ನಾನಿದ್ದಾಗಲೂ ಹಾಗೇ. ಆರರಿಂದ ಒಂಬತ್ತು ಅಂದರೆ ಅಲ್ಲಿ ಲೋಡಿಂಗ್ ಸಮಯ, ಯಾರೂ ಫೋನ್ ಎತ್ತಲ್ಲ."

"ಪಕ್ಕಾ?"

"ಪಕ್ಕಾ."

"ಆಪ್ ಕೀ ಕಸಮ್?"

"ನನ್ನಾಣೆ" ಎಂದೆ.

ಅವಳು ನೀರು ಕುಡಿದಳು. ನನ್ನನ್ನು ತಬ್ಬಿಕೊಂಡು, ತಾನು ಹುಚ್ಚಿ, ಸುಮ್ಮನೆ ಅನುಮಾನ ಪಟ್ಟೆ ಎಂದಳು. ಕೂದಲಿನಿಂದ ಲೋಕಲ್ ಗಾಡಿಯ ವಾಸನೆ ಬರುತ್ತಿತ್ತು. ಬಾಗಿಲು ಹಾಕಿಕೊಂಡ ಮೇಲೆ ಸ್ವಲ್ಪ ಹೊತ್ತು ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಸ್ವಲ್ಪ ಹೊತ್ತು ಮಾತ್ರ. ಮಧ್ಯಾಹ್ನ ಕಳಂಬೋಲಿಯವರ ಕರಾರು ಮುಗಿಸಿ, ಮದುವೆಗೆ ಉಡಲು ಸೀರೆ ಇಸ್ತ್ರಿಗೆ ಕೊಟ್ಟೆ.

ಮದುವೆ ಥಾಣೆಯ ಘೋಡಬಂದರ್ ರಸ್ತೆಯ ಒಂದು ಹಾಲಿನಲ್ಲಿ. ಮುಹೂರ್ತ ಹನ್ನೊಂದೂ ನಲವತ್ತಕ್ಕೆ. ಹತ್ತೂವರೆಗೇ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ದಯಾನಂದ ಅಂಕಲ್ ಹೋಟೆಲಿನ ಹುಡುಗರನ್ನೆಲ್ಲ ಬಡಿಸಲು ಕರೆತಂದಿದ್ದರು, ಖುಷಿಯಲ್ಲಿ ಎಲ್ಲರ ಬೆನ್ನು ತಟ್ಟುತ್ತಿದ್ದರು. ಫೋನಿನಲ್ಲಿ ನನ್ನ ಫೋಟೋ ನೋಡಿದ್ದನೇನೋ, ಮನೀಶ್ ಪೇಟ ಸರಿಮಾಡಿಕೊಳ್ಳುತ್ತ ವೇದಿಕೆಯಿಂದಲೇ ನನಗೆ ಕೈ ಮುಗಿದ. ಆ ಕೈ ಮುಗಿಯುವಿಕೆಯಲ್ಲಿ ಗಿರಾಕಿಯ ಕೃತಜ್ಞತೆಯಷ್ಟೇ ಇತ್ತು, ಅಳುಕೇನೂ ಇರಲಿಲ್ಲ. ತನ್ವಿ ತಲೆ ತಗ್ಗಿಸಿ ಕೂತಿದ್ದಳು. ಒಮ್ಮೆ ತಲೆಯೆತ್ತಿ ನನ್ನನ್ನು ಕಂಡು ನಕ್ಕಳು. ಧಾರೆಯ ನೀರು ಬಿತ್ತು, ಕರಿಮಣಿ ಕಟ್ಟಿದ, ಅಕ್ಷತೆ ಬಿತ್ತು. ನಾನೂ ಹಾಕಿದೆ. ಫೋನು ಚೀಲದಲ್ಲಿದೆಯೇ ಎಂದು ಮತ್ತೊಮ್ಮೆ ಮುಟ್ಟಿ ನೋಡಿಕೊಂಡೆ.

ಸೀರೆ ಬದಲಿಸಲು ತನ್ವಿಯನ್ನು ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿನ ಮೇಲೆ ಲೋಲಾಕ್ಷಿ ಆಂಟಿ ಉಡುಗೊರೆಯ ಚೀಲಗಳನ್ನು ಹೊತ್ತು ವಧುವಿನ ಕೋಣೆಗೆ ನಡೆದರು. ನಾನು ಹಿಂದೆಯೇ ಹೋಗಿ ಬಾಗಿಲು ಹಾಕಿದೆ. ಕೋಣೆಯಲ್ಲಿ ಬೇರೆ ಯಾರೂ ಕಾಣಲಿಲ್ಲ.

"ಆಂಟಿ, ಒಂದು ವಿಷಯ ತೋರಿಸಬೇಕು" ಎಂದು ಫೋನು ಹಿಡಿದೆ. "ಅವತ್ತು ಓದಿದೆನಲ್ಲ, ಮನೀಶನ ಪುಟ. ಅದರ ಹಳೆಯ ರೂಪ ಇದು. ಕೇಳಿ." ಮತ್ತೆ ಆ ಸಾಲನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ ಕನ್ನಡದಲ್ಲಿ ಹೇಳಿದೆ. ಹೆಂಡತಿ, ಮನೆತನದ ಹೆಸರು, ಮದುವೆಯಾದ ವರ್ಷ, ಮಗಳು. ಫೋಟೋ ದೊಡ್ಡದು ಮಾಡಿ ಹುಡುಗಿಯ ಮುಖ ತೋರಿಸಿದೆ. ಹನ್ನೊಂದು ವರ್ಷ ಈ ಕ್ಷಣಕ್ಕಾಗಿಯೇ ಬದುಕಿದ್ದೆನೋ ಎಂಬಂತೆ ಅವರ ಮುಖವನ್ನು ನೋಡುತ್ತ ನಿಂತೆ.

ಲೋಲಾಕ್ಷಿ ಆಂಟಿ ಚೀಲಗಳನ್ನು ಒಂದೊಂದಾಗಿ ಕುರ್ಚಿಯ ಮೇಲೆ ಇಟ್ಟರು.

"ಗೊತ್ತುಂಟು" ಎಂದರು.

"ಏನು ಗೊತ್ತು?" ಎಂದೆ.

"ನಿಶ್ಚಿತಾರ್ಥಕ್ಕೆ ಮೊದಲೇ ಅವನ ಅಮ್ಮ ಹೇಳಿದ್ದರು. ಅಲ್ಲಿಯದು ಅಲ್ಲಿ ಇರ್ಲಿ, ನಮಗೆ ಇಲ್ಲಿ ಒಬ್ಬಳು ಸೊಸೆ ಬೇಕು ಅಂತ. ಆ ಚೀನಾದವಳು ಇಲ್ಲಿಗೆ ಬರ್ತಾಳಾ? ಬರುವುದಿಲ್ಲ. ಫ್ಲ್ಯಾಟು ತನ್ವಿಯ ಹೆಸರಿಗೆ ಆಗ್ತದೆ. ಅವನು ವರ್ಷಕ್ಕೆ ಎರಡು ಸಲ ಬಂದು ಹೋಗ್ತಾನೆ. ನಮ್ಮೂರಿನಲ್ಲಿ ಗಲ್ಫಿಗೆ ಹೋದವರ ಹೆಂಡಂದಿರು ಎರಡು ವರ್ಷಕ್ಕೊಮ್ಮೆ ಗಂಡನ ಮುಖ ನೋಡಿ ಸಂಸಾರ ಮಾಡಲಿಲ್ವಾ? ಇವಳಿಗೆ ಮೂವತ್ತಾಯ್ತು. ಎರಡು ಸಂಬಂಧ ಉಂಗುರ ಹಾಕಿದ ಮೇಲೆ ತಪ್ಪಿದ್ದು. ಇನ್ನು ಕಾದು ನಿನ್ನ ಹಾಗೆ ಕೂರಿಸಲಾ?"

"ಹಾಗಾದರೆ ನನ್ನ ಹತ್ತಿರ ಯಾಕೆ ಬಂದಿರಿ?" ಎಂದು ಕೇಳಿದೆ.

"ಆ ಸಾಲು ಇದ್ರೆ ಇವತ್ತಲ್ಲ ನಾಳೆ ಇವಳು ಫೋನ್ ಒತ್ತಿ ಓದ್ತಾಳೆ. ತೆಗೆಸು ಅಂತ ಮನೀಶನ ಹತ್ತಿರ ಹೇಳಿದ್ದು ನಾನೇ. ನಿನ್ನ ನಂಬರ್ ಕೊಟ್ಟದ್ದೂ ನಾನೇ. ಸರಿಯಾಗಿ ತೆಗೆದಿದ್ದೀಯಾ ಅಂತ ನೋಡ್ಬೇಕಲ್ಲ, ಅದಕ್ಕೆ ಬಂದೆ. ಮತ್ತೆ ನಿನ್ನ ಬಾಯಿಂದ ಕೇಳಿದ್ರೆ ಇವಳು ನಂಬ್ತಾಳೆ." ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡು, ಅಂಗಡಿಯಲ್ಲಿ ಸಾಮಾನು ಆರಿಸುವವರ ನಿರಾಳದಲ್ಲಿ ಹೇಳಿದರು: "ನೀನು ಹೇಳುವುದಿಲ್ಲ ಅಂತ ನನಗೆ ಗೊತ್ತಿತ್ತು ಜಾನಕಿ. ನನ್ನ ಮೇಲೆ ನಿನಗೆ ಅಷ್ಟು ಸಿಟ್ಟುಂಟಲ್ಲ. ಬೇರೆಯವರಾಗಿದ್ರೆ ಪಾಪ ಅಂತ ಹೇಳಿಬಿಡ್ತಿದ್ರು."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ನನ್ನ ದ್ವೇಷ ನನ್ನದೊಬ್ಬಳದೇ ಎಂದು ನಾನು ತಿಳಿದಿದ್ದೆ. ಆ ಹೆಂಗಸು ಅದನ್ನೂ ತನ್ನ ಕೆಲಸಕ್ಕೆ ಹಚ್ಚಿಕೊಂಡಿದ್ದಳು.

ಆಗ ಕೋಣೆಯೊಳಗಿನ ಬಾತ್‌ರೂಮಿನ ಬಾಗಿಲು ತೆರೆಯಿತು. ತನ್ವಿ ಅರ್ಧ ಉಟ್ಟ ಸೀರೆಯಲ್ಲಿ, ನೆರಿಗೆಗಳನ್ನು ಒಂದು ಕೈಯ ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಅವಳು ಬೇರೆ ಕೋಣೆಯಲ್ಲಿದ್ದಾಳೆಂದು ನಾನೂ, ಮೇಲೆ ಫೋಟೋಗೆ ಹೋಗಿದ್ದಾಳೆಂದು ಅವಳ ಅಮ್ಮನೂ ತಿಳಿದಿದ್ದೆವು. ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ ಎಲ್ಲ ಕೇಳಿಸಿಕೊಂಡಿದ್ದಾಳೆ ಎಂಬುದು ಮುಖದಲ್ಲೇ ಇತ್ತು.

ಅಮ್ಮನ ಕಡೆ ಒಮ್ಮೆ ನೋಡಿದಳು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ನನ್ನ ಕಡೆ ತಿರುಗಿದಳು. ಹುಟ್ಟಿದಾಗಿನಿಂದ ನನ್ನ ಜೊತೆ ಕನ್ನಡದಲ್ಲಿ ಪೂರ್ತಿ ಒಂದು ವಾಕ್ಯ ಆಡದ ಹುಡುಗಿ, ಪದ ಪದ ಹುಡುಕಿಕೊಂಡು ಹೇಳಿದಳು: "ನಾನು ನಿಮ್ಮನ್ನ ಕೇಳಿದ್ದೆ, ದೀದಿ. ಆಣೆ ಹಾಕಿಸಿ ಕೇಳಿದ್ದೆ."

"ತನ್ವಿ..." ಎಂದೆ.

"ನೋಡು ಮಗಾ, ಈಗ ಇದೆಲ್ಲ ಬೇಡ, ಹೊರಗೆ ಜನ ಉಂಟು" ಎಂದು ಲೋಲಾಕ್ಷಿ ಆಂಟಿ ಅವಳ ನೆರಿಗೆ ಹಿಡಿಯಲು ಹೋದರು. ಅವಳು ಕೈ ತಳ್ಳಿದಳು. ಕರಿಮಣಿಯನ್ನು ಮುಟ್ಟಿ ನೋಡಿಕೊಂಡಳು. ಅದನ್ನು ಕಿತ್ತೆಸೆಯುತ್ತಾಳೆ ಎಂದು ನಾನು ಕಾದೆ. ನಿಜ ಹೇಳಬೇಕೆಂದರೆ ಹಾಗೆ ಮಾಡಲಿ ಎಂದು ಬೇಡಿಕೊಂಡೆ. ಕಿತ್ತೆಸೆಯಲಿಲ್ಲ. ಹೊರಗೆ ನಾನೂರು ಜನ ಊಟಕ್ಕೆ ಕೂತಿದ್ದರು. ಅವಳಪ್ಪ ಎಲ್ಲರ ಬೆನ್ನು ತಟ್ಟುತ್ತಿದ್ದರು.

"ದೀದಿ, ಆಪ್ ಹೀ ನೇ ನಿಕಾಲಾ ನಾ ಉಸ್ಕಾ ನಾಮ್?" ಎಂದು ಕೇಳಿದಳು.

"ಹೌದು, ನಾನೇ ತೆಗೆದದ್ದು."

"ತೋ ಅಬ್ ಮೇರಾ ಡಾಲೋ. ಅಭೀ. ಮೇರೇ ಸಾಮ್ನೇ."

ಪುಟ ತೆರೆದೆ. ಪ್ರಶಸ್ತಿಯ ಸಾಲಿನ ಮೇಲೆ, ಚೀನೀ ಅಕ್ಷರಗಳಲ್ಲಿ, 'ಇಂದು ಭಾರತದ ಥಾಣೆಯಲ್ಲಿ ತನ್ವಿಯನ್ನು ವಿವಾಹವಾದರು' ಎಂದು ಬರೆದೆ. ಪುರಾವೆಯ ಜಾಗಕ್ಕೆ ಅವಳು ಮೇಜಿನ ಮೇಲಿದ್ದ ಲಗ್ನಪತ್ರಿಕೆಯನ್ನು ತಂದು ನನ್ನ ಮುಂದಿಟ್ಟಳು. ಬಂಗಾರದ ಬಣ್ಣದ ಗಣಪತಿ, ಇಬ್ಬರ ಹೆಸರು, ಇಬ್ಬರ ಮನೆತನ, ಹಾಲಿನ ವಿಳಾಸ. ಫೋಟೋ ತೆಗೆದು ಲಗತ್ತಿಸಿದೆ. ಸಲ್ಲಿಸಿದೆ. ಮೂವರೂ ಫೋನಿನ ಮೇಲೆ ಬಗ್ಗಿ ನಿಂತೆವು. ಲೋಲಾಕ್ಷಿ ಆಂಟಿ ಕೂಡ.

ಯಂತ್ರ ಅರ್ಧ ನಿಮಿಷ ತೆಗೆದುಕೊಂಡಿತು. ಕೆಂಪು ಅಕ್ಷರದಲ್ಲಿ ಎರಡು ಸಾಲು ಬಂದವು.

"ಕ್ಯಾ ಲಿಖಾ ಹೈ?"

ಅವಳ ಎದುರು ಆ ಪುಟದಿಂದ ನಾನು ಏನನ್ನೂ ಮುಚ್ಚದೆ ಓದಿದ್ದು ಅದೊಂದು ಸಲ. "ಈ ಮದುವೆಗೆ ನಂಬುವಂಥ ಪುರಾವೆ ಇಲ್ಲ. ಸೇರಿಸಲು ಆಗುವುದಿಲ್ಲ, ಅಂತ."

"ಔರ್ ಉಸ್ಕೀ ಶಾದೀ ಕಾ? ಅವಳದಕ್ಕೆ ಇದೆಯಾ?"

"ಇದೆ" ಎಂದೆ. "ಪೇಪರಿನಲ್ಲಿ ಬಂದಿದೆ. ಫೋಟೋ ಸಮೇತ."

ತನ್ವಿ ತಲೆಯಾಡಿಸಿದಳು. ಗಣಿತದ ಉತ್ತರ ಕೊನೆಗೂ ತಿಳಿದಾಗ ಹಾಗೆ ತಲೆಯಾಡಿಸುತ್ತಿದ್ದಳು. ಹೊರಗಿನಿಂದ ಫೋಟೋದವನು ಬಾಗಿಲು ಬಡಿದು, ವರ ಕಾಯುತ್ತಿದ್ದಾನೆ, ಬೇಗ ಬನ್ನಿ ಎಂದು ಮರಾಠಿಯಲ್ಲಿ ಕೂಗಿದ. ಲೋಲಾಕ್ಷಿ ಆಂಟಿ ಮಂಡಿಯೂರಿ ಮಗಳ ನೆರಿಗೆ ಸಿಕ್ಕಿಸಿದರು, ಕಣ್ಣಿನ ಕೆಳಗೆ ಹರಡಿದ ಕಾಡಿಗೆಯನ್ನು ಬೆರಳಿನಿಂದ ಒರೆಸಿದರು, "ಸ್ವಲ್ಪ ನಗು" ಎಂದರು. ತನ್ವಿ ಹೊರಗೆ ಹೋದಳು. ವೇದಿಕೆ ಹತ್ತುವಾಗ ನಗುತ್ತಿದ್ದಳು. ಆ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ.

ಆಂಟಿ ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿ, "ಜಾನಕಿ, ಊಟ ಮಾಡಿಯೇ ಹೋಗ್ಬೇಕು ಹಾಂ" ಎಂದರು. ಫೋನಿನಲ್ಲಿ ವಾನ್‌ಶೂ, ತಿದ್ದಿ ಮತ್ತೊಮ್ಮೆ ಸಲ್ಲಿಸುವಿರಾ ಎಂದು ಕೇಳುತ್ತಿತ್ತು. ಬೇಡ ಎಂದು ಒತ್ತಿ, ಹೋಗಿ ಪಂಕ್ತಿಯಲ್ಲಿ ಕೂತು ಊಟ ಮಾಡಿದೆ.